ಕಾರಂಜಿಯ ಮುಂದೆ ನಿಂತ ಗಂಡಸರು

ಮೊನ್ನೆ ಇಳಿಹೊತ್ತಿನ ಅಸರ್ ನಮಾಜಿನ ಬಳಿಕ, ಸೌದಿಯ ಈ ತಬೂಕಿನ ಹಳೇ ಪೇಟೆಯ ಹಿಂದಿನ ಚೌಕ ದಾಟುವಾಗ, ಕಾದ ಕಲ್ಲಿಗೆ ನೀರು ಬಿದ್ದ ವಾಸನೆ ಮೂಗಿಗೆ ಬಡಿಯಿತು. ಕಾರಂಜಿ ಬಿಟ್ಟಿದ್ದರು. ಬನ್ನಿ, ಕಟ್ಟೆಯ ಮೇಲೆ ಕೂರೋಣ, ಇಲ್ಲಿ ಯಾರೂ ಎಬ್ಬಿಸುವುದಿಲ್ಲ. ಆಳೆತ್ತರದ ಕಲ್ಲಿನ ಹೂಜಿ ಅದು, ಅರಬರು ಅತಿಥಿಗಳಿಗೆ ಖಾವಾ ಕಾಫಿ ಸುರಿಯುವಂಥದ್ದು. ಹೊಟ್ಟೆಯ ಸುತ್ತ ಖರ್ಜೂರದ ಗೊನೆಗಳ ಕೆತ್ತನೆ. ಕೊಕ್ಕಿನಿಂದ ಕೆಳಗಿನ ಕಲ್ಲಿನ ಬಟ್ಟಲುಗಳಿಗೆ ನೀರು. ಯಾವ ಕಾಲದ್ದೆಂದು ಅಂಗಡಿಯ ಮುದುಕರನ್ನು ಕೇಳಿದರೆ, ತಾವು ಹುಟ್ಟುವ ಮೊದಲೇ ಇತ್ತು ಎನ್ನುತ್ತಾರೆ. ಅಂದಿನಿಂದ ಸುರಿಯುತ್ತಲೇ ಇದೆ, ಒಬ್ಬ ಅತಿಥಿಯೂ ಒಂದು ಗುಟುಕು ಕುಡಿದಿಲ್ಲ.

ಆದರೆ ನಮ್ಮ ಉಳ್ಳಾಲ, ಬಂಟ್ವಾಳದ ಕಡೆ ಇದನ್ನು ಕಾಣದ ಮನೆ ಕಡಿಮೆ. ಇಲ್ಲಿರಲು ಬೇಕಾದ ಇಕಾಮಾ ಕಾರ್ಡು ಕೈಗೆ ಬಂದ ಕೂಡಲೇ ಹೊಸಬ ಇದರ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳಬೇಕು, ಅದು ನಮ್ಮವರ ಕಟ್ಟಳೆ. ಶರ್ಟು ಒಬ್ಬನದು, ಕೂಲಿಂಗ್ ಗ್ಲಾಸು ಇನ್ನೊಬ್ಬನದು, ಗತ್ತು ಮಾತ್ರ ಸ್ವಂತದ್ದು. ಫೋಟೊ ಮೊದಲು ಹೆತ್ತ ಉಮ್ಮನಿಗೆ, ಉಮ್ಮನಿಂದ ಹೆಣ್ಣಿನ ಮನೆಗೆ. ಕೆಲಸ ಎಂಥದ್ದು, ಮಲಗುವ ಜಾಗ ಎಂಥದ್ದು ಎಂದು ಯಾರೂ ಕೇಳುವುದಿಲ್ಲ. ಇಷ್ಟು ದೊಡ್ಡ ಹೂಜಿ ಇರುವ ಊರಿನಲ್ಲಿ ಊಟಕ್ಕೇನು ಕೊರತೆ! ನನ್ನದೂ ಒಂದು ಫೋಟೊ ಇದೆ, ಹೊಟ್ಟೆ ಒಳಗೆಳೆದುಕೊಂಡು ನಿಂತದ್ದು. ಪಾಪ, ಅದನ್ನು ನಂಬಿ ನಿಕಾಹಿಗೆ ಒಪ್ಪಿದವಳು ಊರಲ್ಲಿರುವ ನನ್ನ ಹೆಂಡತಿ.

ಅದಿರಲಿ, ನನಗೆ ನೆನಪಾದದ್ದು ನನ್ನ ರೂಮಿನಲ್ಲಿದ್ದ ಶರೀಫ. ಕಂಪೆನಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವ. ಅವನ ಬಿರಿಯಾನಿ ಎಲ್ಲರ ಗಂಟಲಿಗೂ ಇಳಿಯುತ್ತಿತ್ತು, ‘ಅಡುಗೆಯವ’ ಎಂಬ ಮಾತು ಮಾತ್ರ ಹೆಣ್ಣಿನ ಕಡೆಯವರ ಗಂಟಲಿಗೆ ಇಳಿಯುತ್ತಿರಲಿಲ್ಲ. ಹಾಗೆ ಎರಡು ಸಂಬಂಧ ಮುರಿದಿದ್ದವು. ಮೂರನೆಯದಕ್ಕೆ ಅವನ ಉಮ್ಮ, ಮಗ ದೊಡ್ಡ ಕಂಪೆನಿಯಲ್ಲಿದ್ದಾನೆ ಎಂದಷ್ಟೇ ಹೇಳಿ ಕಾರಂಜಿಯ ಫೋಟೊ ಕೊಟ್ಟರು. ನನ್ನ ನೀಲಿ ಶರ್ಟು ತೊಟ್ಟು, ಟೊಪ್ಪಿ ಇಟ್ಟು, ಶರೀಫ ಅದರಲ್ಲಿ ಕಂಪೆನಿಯ ಧಣಿಯಂತೆಯೇ ನಿಂತಿದ್ದ.

ಹುಡುಗಿ ಜೊಹರಾ ಬಂಟ್ವಾಳದಲ್ಲಿ ಹೊಲಿಗೆ ಕಲಿಸುವವಳು. ಅವಳೇ ಫೋನು ಮಾಡಿದಳು. ಶರೀಫ ಹೆದರಿ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟ. ರೂಮಿನವರೆಲ್ಲ ಸುತ್ತ ಮುತ್ತಿಕೊಂಡೆವು.

"ಆ ಕಾರಂಜಿ ನನಗೆ ಬಾಯಿಪಾಠ ಆಗಿದೆ. ನಮ್ಮ ಭಾವನೂ ಅಲ್ಲೇ ನಿಂತಿದ್ರು. ನೀವು ಕೆಲಸ ಮಾಡುವಲ್ಲಿಂದ ಒಮ್ಮೆ ವಿಡಿಯೋ ಕಾಲ್ ಮಾಡಿ. ಆಮೇಲೆ ಹೇಳ್ತೇನೆ."

ಫೋನು ಇಟ್ಟದ್ದೇ ತಡ, ಸಲಹೆಗಳ ಸುರಿಮಳೆ. ಆಫೀಸಿನ ತಿರುಗುವ ಕುರ್ಚಿಯಲ್ಲಿ ಕೂತು ಮಾತಾಡು ಎಂದನೊಬ್ಬ. "ಊಟದ ಹಾಲ್ ತೋರ್ಸು ಮಾರಾಯ, ಎ.ಸಿ. ಉಂಟಲ್ಲ" ಎಂದೆ ನಾನು, ಮಹಾ ಬುದ್ಧಿವಂತ. ಶರೀಫ ಎದ್ದು ಈ ಕಟ್ಟೆಗೇ ಬಂದು ಕೂತ. ಹಿಂದೆಯೇ ಬಂದ ನನಗೆ ಅವನ ಮುಖ ನೋಡಿ ಸಂಕಟವಾಯಿತು.

"ಇದೂ ಹೋದ್ರೆ ಇನ್ನು ಹುಡುಕುದು ಬೇಡ ಅಂತ ಉಮ್ಮನಿಗೆ ಹೇಳ್ತೇನೆ. ಆದ್ರೆ ನಿಕಾಹ್ ಆದ್ಮೇಲೆ ಗೊತ್ತಾಗಿ ಅವಳು ಮುಖ ತಿರುಗಿಸಿದ್ರೆ, ಅದು ನನ್ನಿಂದ ತಡೀಲಿಕ್ಕೆ ಆಗುದಿಲ್ಲ."

ಶುಕ್ರವಾರ ಮಧ್ಯಾಹ್ನ ಅಡುಗೆಮನೆಯಿಂದಲೇ ಕರೆ ಮಾಡಿದ. ಫೋನು ಹಿಡಿದವ ನಾನು. ಲುಂಗಿ, ಬನಿಯನ್, ತಲೆಗೆ ಸುತ್ತಿದ ಟವೆಲು, ಹಿಂದೆ ಒಲೆಯ ಮೇಲೆ ಭಾರೀ ಅನ್ನದ ಪಾತ್ರೆ.

"ನಾನು ಅಡುಗೆಯವ" ಎಂದ ಶರೀಫ.

ಜೊಹರಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ, "ಆ ಟವೆಲ್ ತೆಗೀರಿ."

ತೆಗೆದ. ಫೋಟೊದಲ್ಲಿ ಟೊಪ್ಪಿ ಮುಚ್ಚಿಟ್ಟಿದ್ದ ಬೋಳುತಲೆ ಬೆವರಿನಲ್ಲಿ ಮಿರಮಿರನೆ ಮಿಂಚಿತು. ಮುಗಿಯಿತು ಕತೆ ಎಂದುಕೊಂಡೆ.

"ನಿಮ್ಮ ಹಿಂದೆ ಹೊಗೆ ಬರ್ತಾ ಉಂಟು" ಎಂದಳು ಜೊಹರಾ. "ಅನ್ನ ತಳ ಹಿಡೀತದೆ, ಮೊದಲು ಅದನ್ನು ನೋಡಿ. ಸಂಜೆ ಫೋನ್ ಮಾಡಿ. ನಮ್ಮ ಬಾಪನ ಹತ್ರ ಮಾತಾಡ್ಬೇಕಲ್ಲ?"

ಶರೀಫ ಸೌಟು ಹಿಡಿದು ಓಡಿದ. ಆ ದಿನ ಇಡೀ ಕ್ಯಾಂಟೀನು ಸೀದ ಅನ್ನ ತಿಂದಿತು. ಯಾರೂ ದೂರಲಿಲ್ಲ ಎಂದರೆ ಸುಳ್ಳಾಗುತ್ತದೆ; ಎಲ್ಲರೂ ದೂರಿದರು, ಅವನಿಗೆ ಕೇಳಿಸಲಿಲ್ಲ. ಈಗ ಗಂಡಹೆಂಡತಿ ಊರಿನಲ್ಲೇ ಮದುವೆ ಅಡುಗೆ ವಹಿಸಿಕೊಳ್ಳುತ್ತಾರೆ.

ಮೊನ್ನೆ ಇದನ್ನೆಲ್ಲ ನೆನೆಯುತ್ತ ಇಲ್ಲಿ ಕೂತಿದ್ದಾಗಲೇ ಹೆಂಡತಿಯ ವಿಡಿಯೋ ಕಾಲ್ ಬಂತು. ಅವಳ ಕರೆಯನ್ನು ನಾನು ಯಾವಾಗಲೂ ಈ ಕಟ್ಟೆಯಿಂದಲೇ ತೆಗೆಯುವುದು. ಬೆನ್ನ ಹಿಂದೆ ನೀರು ಬೀಳುತ್ತಿದ್ದರೆ ಮನುಷ್ಯ ಸುಖವಾಗಿರುವಂತೆ ಕಾಣುತ್ತಾನೆ ನೋಡಿ. ಆ ದಿನ ಯಾಕೋ ತೆಗೆಯಲಿಲ್ಲ. ರೂಮಿಗೆ ನಡೆದು ಹೋಗಿ, ಅಲ್ಲಿಂದ ನಾನೇ ಮಾಡಿದೆ. ಒಂದರ ಮೇಲೊಂದು ಮಂಚ, ಹಗ್ಗದಲ್ಲಿ ಎಲ್ಲರ ಬಟ್ಟೆ, ಕಾಲಬುಡದಲ್ಲಿ ಸೂಟ್‌ಕೇಸು, ಎಲ್ಲವನ್ನೂ ತೋರಿಸಿದೆ.

ಅವಳು ಫೋನನ್ನು ಕಣ್ಣಿನ ಹತ್ತಿರ ತಂದು ಒಂದೊಂದನ್ನೇ ನೋಡಿದಳು. ಕಡೆಗೆ ಕೇಳಿದಳು, "ಆ ಮಂಚದಲ್ಲಿ ಕಾಲು ಚಾಚ್ಲಿಕ್ಕೆ ಆಗ್ತದಾ?"

"ಸ್ವಲ್ಪ ಮಡಚ್ಬೇಕು."

"ಮಲಗಿ ತೋರ್ಸಿ."

ಮಲಗಿದೆ.

"ಇಷ್ಟು ವರ್ಷ ರಾತ್ರಿ ನಿಮ್ಮನ್ನು ನೆನೆಸುವಾಗೆಲ್ಲ ಆ ಕಾರಂಜಿ ಹತ್ರವೇ ನಿಲ್ಲಿಸ್ತಾ ಇದ್ದೆ" ಎಂದಳು. "ಬೇರೆ ಜಾಗ ನೀವು ತೋರಿಸ್ಲೇ ಇಲ್ಲ."