ಮಂಜುಶ್ರೀ ಗೈಡ್ ಆರಿಸಿದ್ದು

ಮಂಜುಶ್ರೀ ನನ್ನ ಸೊಸೆ. ವಯಸ್ಸು ಮೂವತ್ತೊಂಬತ್ತು. ಅವಳ ಹಿರಿಯರು ಕಲಬುರಗಿಯವರಾದರೂ ಅವಳು ಹುಟ್ಟಿ ಬೆಳೆದದ್ದು ನಾಸಿಕದಲ್ಲೇ. ಕನ್ನಡದ ನಡುವೆ ಮರಾಠಿ ಬರುತ್ತದೆ, ಸಿಟ್ಟು ಬಂದರೆ ಪೂರಾ ಮರಾಠಿ. ನನ್ನ ಯಜಮಾನರು ಓಝರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮಗ ಶರಣಬಸವ, ಇವಳ ಗಂಡ, ಈಗ ಅಲ್ಲೇ ಕೆಲಸದಲ್ಲಿದ್ದಾನೆ. ನಮ್ಮ ಮನೆಯಲ್ಲಿ ಪುಸ್ತಕದ ಕೆಲಸ ಮಾಡುವವಳು ಇವಳೊಬ್ಬಳೇ.

ಹನ್ನೊಂದು ವರ್ಷದಿಂದ ಊರಾಚೆಯ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಹೋದ ಡಿಸೆಂಬರದಲ್ಲಿ ಕಾಲೇಜಿನವರು ಒಂದು ಕಾಗದ ಕೊಟ್ಟರು. ಜೂನ್ ಮುಗಿಯುವುದರೊಳಗೆ ಪಿಎಚ್‌ಡಿಗೆ ಹೆಸರು ಹತ್ತದಿದ್ದರೆ ಮುಂದಿನ ವರ್ಷ ಪಾಠ ಇಲ್ಲ ಎಂದು ಅದರಲ್ಲಿತ್ತು. ಪ್ರವೇಶ ಪರೀಕ್ಷೆ ಪಾಸಾಗಿದ್ದಳು. ಯಾವ ಊರಿಗೆ ಅರ್ಜಿ ಹಾಕುವುದು, ಯಾರ ಕೈಕೆಳಗೆ ಓದುವುದು ಎಂಬುದೊಂದೇ ಉಳಿದಿತ್ತು. ಆ ಪ್ರಾಧ್ಯಾಪಕರಿಗೆ ಗೈಡ್ ಎನ್ನುತ್ತಾರೆ. ಗೈಡ್ ಒಪ್ಪದೆ ಏನೂ ನಡೆಯುವುದಿಲ್ಲ.

ಅವಳು ಆರಿಸಿದ ವಿಷಯ ನನಗೂ ಅರ್ಥವಾಗುವಂಥದು. ನಿಫಾಡದ ದ್ರಾಕ್ಷಿ ಶೆಡ್‌ಗಳಲ್ಲಿ ಹೆಂಗಸರು ಟೋಳಿ ಎಂಬ ಗುಂಪು ಕಟ್ಟಿಕೊಂಡು ಕೆಲಸ ಮಾಡುತ್ತಾರೆ. ಯಾರು ಮುಂದಾಳು ಆಗುತ್ತಾಳೆ, ಯಾರ ಮಾತನ್ನು ಯಾರು ಕೇಳುತ್ತಾರೆ ಎಂದು ಎರಡು ಹಂಗಾಮು, ಭಾನುವಾರ ಭಾನುವಾರ ಅಲ್ಲಿ ಕೂತು ಬರೆದುಕೊಂಡಿದ್ದಳು.

ಅಡುಗೆಮನೆಯ ಗೋಡೆಗೆ ದೊಡ್ಡದೊಂದು ಹಾಳೆ ಅಂಟಿಸಿ ಮೂರು ಹೆಸರು ಬರೆದಳು. ನಾಸಿಕದ ಮಾಲವಿಕಾ ಮೇಡಂ, ಸಂಭಾಜಿನಗರದ ಖಂಡಪ್ಪ ಸರ್, ಪುಣೆಯ ಒಬ್ಬರು. ಒಂದೊಂದು ಹೆಸರಿನ ಕೆಳಗೆ ಎಷ್ಟು ಜಾಗ ಖಾಲಿ ಇದೆ, ಕೊನೆಯ ದಿನ ಯಾವುದು ಎಂದು ಬರೆದಿದ್ದಳು. ಮೂರು ಕಡೆಗೂ ಹಾಕುವುದೆಂದು ಅವಳ ಲೆಕ್ಕ.

ನನ್ನ ತಪ್ಪು ಇಲ್ಲಿಂದ ಶುರು. ದೀಕ್ಷೆ ತೆಗೆದುಕೊಳ್ಳುವಾಗ ನಾವು ಮೂರು ಮಠ ಸುತ್ತಿ ವಿಚಾರಿಸುವುದಿಲ್ಲ, ಗುರು ಒಬ್ಬನೇ ಎಂದೆ. ಖಂಡಪ್ಪ ಸರ್ ಭಾಲ್ಕಿಯವರು, ನನ್ನ ತವರಿನ ಮಠಕ್ಕೇ ನಡೆದುಕೊಳ್ಳುವವರು. ಮಾಲವಿಕಾ ಮೇಡಂ ಕೂಡ ಕನ್ನಡದವರೇ, ಆದರೆ ಮೈಸೂರು ಕಡೆಯವರು. ಅವರು ನಮ್ಮವರಲ್ಲ ಎಂದು ನಾನೇ ಹೇಳಿದೆ. ಮಂಜುಶ್ರೀ ಎರಡು ದಿನ ವಾದ ಮಾಡಿ ಆಮೇಲೆ ಸುಮ್ಮನಾದಳು. ಏಪ್ರಿಲ್ ಕೊನೆಯ ಶನಿವಾರ ಇಬ್ಬರೂ ಸಂಭಾಜಿನಗರದ ಬಸ್ ಹತ್ತಿದೆವು.

ಖಂಡಪ್ಪ ಸರ್ ಮನೆಯ ಬಾಗಿಲಿಗೇ ಬಂದು ನನ್ನ ಕಾಲು ಮುಟ್ಟಿದರು. ಊರಿನ ಸುದ್ದಿ ಕೇಳಿದರು, ಮಠದ ಸುದ್ದಿ ಕೇಳಿದರು. ಸೊಸೆಯ ಬರಹವನ್ನು ಎರಡು ಪುಟ ಓದಿ, ಛಲೋ ಅದ, ಯಾರಿಗೂ ತೋರಿಸಬೇಡ ಎಂದರು. ಅರ್ಜಿಯನ್ನು ತಾವೇ ತುಂಬಿಸುವುದಾಗಿ ಹೇಳಿದರು. ಮೂಲ ಪ್ರಮಾಣಪತ್ರಗಳ ಫೈಲನ್ನು ಮಂಜುಶ್ರೀ ತೋರಿಸಲೆಂದಷ್ಟೇ ತಂದಿದ್ದಳು. ನಾನು ಅದನ್ನು ಕೈಗೆ ತೆಗೆದುಕೊಂಡು, ಮೇಲೆ ಕಾಯಿ, ಶಾಲು ಇಟ್ಟು, ಗುರುಗಳಿಗೆ ಕೊಡುವಂತೆ ಎರಡೂ ಕೈಯಿಂದ ಕೊಟ್ಟೆ.

"ಇಲ್ಲೇ ಇರ್ಲಿ ಬಿಡ್ರಿ ಅವ್ವಾರ," ಎಂದರು ಸರ್. "ನನ್ನ ಕಡಿ ಇದ್ರ ನಿಮ್ಮ ಮನ್ಯಾಗ ಇದ್ದಂಗ."

ಕೈ ತೊಳೆಯಲು ಒಳಗೆ ಹೋದೆ. ಅಡುಗೆಮನೆಯಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಇಸ್ತ್ರಿ ಮಾಡಿದ ಸೀರೆ, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ. ಸರ್ ಅವರ ನಾದಿನಿ ಇರಬೇಕೆಂದುಕೊಂಡು ಎದುರಿಗೆ ಕೂತು ನಾನೂ ಬಿಡಿಸತೊಡಗಿದೆ. ಹೆಸರು ಮಂದಾಕಿನಿ ಎಂದಳು, ವೈಜಾಪುರದವಳು, ಅಲ್ಲಿಯ ಕಾಲೇಜಿನಲ್ಲಿ ಕಲಿಸುತ್ತಾಳೆ. ನೆಂಟರೇನು ಎಂದು ಕೇಳಿದ್ದಕ್ಕೆ, ಅಲ್ಲ, ಸರ್ ಕೈಕೆಳಗೆ ಪಿಎಚ್‌ಡಿ, ಇದು ಏಳನೆಯ ವರ್ಷ ಎಂದಳು. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ನೋಡದೆ ಕೈ ಚಾಚಿ ತೆಗೆಯುತ್ತಿದ್ದಳು. ತಾನಾಗಿ ಒಂದೇ ಮಾತು ಕೇಳಿದಳು, ಮರಾಠಿಯಲ್ಲಿ, ತಲೆ ಎತ್ತದೆ.

"ಆಯಿ, ಕಾಗದ ಕೊಟ್ಟಿರಾ?"

ಕೊಟ್ಟೆವು ಎಂದೆ. ಅವಳು ಉಳಿದ ಸೊಪ್ಪಿನಲ್ಲಿ ಅರ್ಧ ನನ್ನ ಕಡೆ ಸರಿಸಿದಳು.

ಮರಳಿ ಬರುವಾಗ ಬಸ್ಸಿನಲ್ಲಿ ಕಂಡದ್ದನ್ನು ಸೊಸೆಗೆ ಹೇಳಿದೆ. ಅವಳು ನಕ್ಕಳು.

"ಸೊಪ್ಪು ಬಿಡಿಸಿದ್ರ ಏನಾತ್ರಿ ಅತ್ತಿ? ನೀವೂ ಬಿಡಿಸೀರಿ. ನೀವೇನು ಪಿಎಚ್‌ಡಿ ಮಾಡ್ಲತ್ತೀರೇನು?"

"ನಾ ಬಿಡಿಸಿದ್ದು ಅರ್ಧ ತಾಸು," ಎಂದೆ. "ಆಕಿ ಏಳು ವರ್ಷ."

ಮುಂದಿನ ಶನಿವಾರ ಸರ್ ಫೋನ್ ಮಾಡಿ ಕರೆದರು. ಮನೆಯಲ್ಲಿ ಪೂಜೆ ಇತ್ತಂತೆ, ಮಂಜುಶ್ರೀ ಬಡಿಸಿ ಬಂದಳು. ಅದರ ಮುಂದಿನ ಶನಿವಾರ ಅವರ ಮಗಳ ಕಾಲೇಜಿನ ಬರವಣಿಗೆ. ಮೂರನೆಯ ಶನಿವಾರ ಸರ್ ತಿದ್ದಬೇಕಾಗಿದ್ದ ಪರೀಕ್ಷೆಯ ಉತ್ತರ ಪತ್ರಿಕೆ ಇನ್ನೂರ ನಲವತ್ತೆಂಟು. ಮನೆಗೆ ಬಂದಾಗ ಅವಳ ಬೆರಳಿಗೆಲ್ಲ ಕೆಂಪು ಶಾಯಿ. ಪುಣೆಯ ಕೊನೆಯ ದಿನ ಅವತ್ತೇ. ಫೈಲು ಕೇಳಿದಳಂತೆ. ಇಲ್ಲಿ ಆದ ಮೇಲೆ ಪುಣೆ ಯಾಕೆ ಎಂದು ಸರ್ ನಕ್ಕರಂತೆ. ಇಲ್ಲಿ ಅರ್ಜಿ ತುಂಬಿ ಆಯಿತೇ ಎಂದರೆ, ತುಂಬೋಣ, ಅವಸರವೇನು ಎಂದರಂತೆ. ಅವತ್ತು ಅವಳು ನಗಲಿಲ್ಲ. ಗೋಡೆಯ ಹಾಳೆಯಲ್ಲಿ ಪುಣೆಯ ಮೇಲೆ ಗೀಟು ಎಳೆದಳು.

ನಾಸಿಕದ ಅರ್ಜಿಗೆ ಇನ್ನು ಒಂಬತ್ತು ದಿನ ಉಳಿದಿತ್ತು. ಗುರುವಿಗೆ ಕೊಟ್ಟದ್ದನ್ನು ಮರಳಿ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಕೊಟ್ಟವಳು ನಾನು, ನಾನೇ ಕೇಳುತ್ತೇನೆ ಎಂದೆ. ಶರಣಬಸವ ತಾನೂ ಬರುತ್ತೇನೆ ಎಂದ. ಬೇಡ, ಗಂಡಸು ಬಂದರೆ ಜಗಳವಾಗುತ್ತದೆ ಎಂದು ಅವನನ್ನು ಬಿಟ್ಟು ನಾವಿಬ್ಬರೇ ಹೋದೆವು.

ಸರ್ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ಮಂದಾಕಿನಿಯನ್ನು ಕೂಗಿ ಫೈಲು ತರಿಸಿದರು. ಅವಳು ಹುಡುಕಲಿಲ್ಲ. ಒಳಗೆ ಕಪಾಟಿನ ಕೀಲಿ ತಿರುಗಿದ ಸದ್ದಾಯಿತು, ಬಂದಳು. ನಾನು ಚಾಪೆಯ ಮೇಲೆ ಕೂತು ಕಾಗದ ಒಂದೊಂದಾಗಿ ಇಟ್ಟು ಎಣಿಸಿದೆ. ಕೊಟ್ಟದ್ದು ಹನ್ನೊಂದು, ಬಂದದ್ದು ಹತ್ತು. ಎಂಬಿಎ ಪದವಿಯ ಪ್ರಮಾಣಪತ್ರ ಇರಲಿಲ್ಲ.

"ಎಣಸ್ಲತ್ತೀರೇನ್ರಿ ಅವ್ವಾರ?" ಎಂದರು ಸರ್. "ಎಲ್ಲೋ ಸೇರ್ಕೊಂಡದ. ಹುಡಕಸ್ತೀನಿ."

ಮಂದಾಕಿನಿ ಗೋಡೆಯ ಕಡೆ ನೋಡುತ್ತಿದ್ದಳು. ಸರ್ ಎದ್ದು ಹೋಗಿ ನಾನು ಕೊಟ್ಟಿದ್ದ ಶಾಲನ್ನು ತಂದರು. ನಾನು ಮಡಚಿದ ಮಡಿಕೆ ಹಾಗೇ ಇತ್ತು. ಅದನ್ನು ಫೈಲಿನ ಮೇಲಿಟ್ಟರು. ನಮ್ಮ ಮಂದಿಯಲ್ಲಿ ಶಾಲು ಮರಳಿ ಕೊಟ್ಟರೆ ಸಂಬಂಧ ಮುಗಿಯಿತು ಎಂದು ಅರ್ಥ. ಆಮೇಲೆ ಸೊಸೆಯ ಕಡೆ ತಿರುಗಿದರು. ದನಿ ಮೊದಲಿನಷ್ಟೇ ಮೆತ್ತಗಿತ್ತು.

"ನಾಸಿಕಕ್ಕ ಹಾಕ್ರಿ, ಬ್ಯಾಡ ಅನ್ನಲ್ಲ. ನಾವೆಲ್ಲ ಒಂದೇ ಟೇಬಲ್ಲಿಗಿ ಕೂಡೋ ಮಂದಿ."

ಮರುದಿನ ಮಾಲವಿಕಾ ಮೇಡಂ ಹತ್ತಿರ ಹೋದೆವು. ಅವರು ಚಹಾ ಬೇಕೇ ಎನ್ನಲಿಲ್ಲ, ಊರು ಕೇಳಲಿಲ್ಲ. ದ್ರಾಕ್ಷಿ ಶೆಡ್ಡಿನ ಬರಹವನ್ನು ಪೂರಾ ಓದಿದರು, ಮುಕ್ಕಾಲು ತಾಸು ಹಿಡಿಯಿತು. ಜಾಗ ಒಂದೇ ಇದೆ, ನಿಮಗೆ ಕೊಡಲು ನನ್ನ ಒಪ್ಪಿಗೆ ಇದೆ, ಆದರೆ ಸಂದರ್ಶನ ದಾಟಬೇಕು ಎಂದರು. ಪ್ರಮಾಣಪತ್ರ ಎಲ್ಲಿ ಎಂದು ಕೇಳಿದಾಗ ಮಂಜುಶ್ರೀ ನಡೆದದ್ದನ್ನು ಹೇಳಿದಳು. ಖಂಡಪ್ಪ ಸರ್ ಹೆಸರು ಕೇಳಿದ ಮೇಲೆ ಅವರು ಎದ್ದು ಬಾಗಿಲು ಮುಚ್ಚಿ ಬಂದರು. ಹೊಸ ಪ್ರತಿಗೆ ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಪೊಲೀಸ್ ಠಾಣೆಯ ದೂರು, ಅಫಿಡವಿಟ್ಟು ಇದ್ದರೆ ನಡೆಯುತ್ತದೆ ಎಂದರು.

"ಕಳೆದುಹೋಗಿದೆ ಅಂತ ಬರೀರಿ. ಯಾರ ಹತ್ರ ಅಂತ ಬರೀಬೇಡಿ."

"ಸುಳ್ಳಾಗ್ತದಲ್ರಿ ಮೇಡಂ?"

"ನಿಜ ಬರೆದರೆ ಅದನ್ನ ಓದೋರು ಯಾರು ಅಂತ ಗೊತ್ತಾ ನಿಮಗೆ?"

ಠಾಣೆಯಲ್ಲಿ ಬರೆದುಕೊಳ್ಳುವವನು ಎಲ್ಲಿ ಕಳೆಯಿತು ಎಂದು ಕೇಳಿದ. ಮಂಜುಶ್ರೀ ನನ್ನ ಮುಖ ನೋಡಿದಳು. ಬಸ್ಸಿನಲ್ಲಿ, ವೈಜಾಪುರದ ಹತ್ತಿರ ಎಂದಳು. ಅವನು ಹಾಗೇ ಬರೆದ. ಅವಳು ಸಹಿ ಮಾಡಿದಳು. ಅಫಿಡವಿಟ್ಟಿನಲ್ಲೂ ಅದೇ ಮಾತು. ಕೊನೆಯ ದಿನಕ್ಕೆ ಎರಡು ದಿನ ಇರುವಾಗ ನಾಸಿಕದ ಅರ್ಜಿ ಹೋಯಿತು. ಸಂಭಾಜಿನಗರದ ಹೆಸರಿಗೂ ಗೀಟು ಬಿತ್ತು.

ನಿನ್ನೆ ಸಂದರ್ಶನದ ಪತ್ರ ಅವಳ ಫೋನಿಗೆ ಬಂತು. ಕೂಡುವವರು ನಾಲ್ವರು. ಮೂವರು ಇಲ್ಲಿಯವರು, ನಾಲ್ಕನೆಯವರು ಹೊರಗಿನ ಪರಿಣತರು. ಆ ಹೆಸರನ್ನು ಮಂಜುಶ್ರೀ ಗಟ್ಟಿಯಾಗಿ ಓದಲಿಲ್ಲ, ಫೋನನ್ನು ನನ್ನ ಮುಂದೆ ಹಿಡಿದಳು. ನಾನು ಅಕ್ಷರ ಕೂಡಿಸಿ ಓದಿದೆ. ಖಂಡಪ್ಪ.

ಪದವಿಯ ಕಾಗದ ಎಲ್ಲಿ, ಎಲ್ಲಿ ಕಳೆಯಿತು ಎಂದು ಅವರು ಕೇಳುತ್ತಾರೆ. ಮನೆಯಲ್ಲಿ ಮೂವರಿಗೂ ಇದು ಗೊತ್ತು. ಕಾಗದ ಎಲ್ಲಿದೆಯೆಂದು ತಿಳಿದ ಮನುಷ್ಯನ ಎದುರಿಗೆ ಅವಳು ವೈಜಾಪುರ ಎನ್ನಬೇಕು. ಹಾಗೆ ಹೇಳಿದರೆ ಅವರ ಕೈಯಲ್ಲಿ ಅವಳ ಸುಳ್ಳು ಇರುತ್ತದೆ. ಅನ್ನದಿದ್ದರೆ ಠಾಣೆಯ ಸಹಿ ಸುಳ್ಳಾಗುತ್ತದೆ, ಒಂದೇ ಜಾಗವೂ ಹೋಗುತ್ತದೆ.

ಇವತ್ತು ಬೆಳಿಗ್ಗೆ ಹಿಟ್ಟು ನಾದುತ್ತಾ ಅವಳು ಹೇಳಿದಳು.

"ಕೇಳಿದ್ರ ಖರೆ ಹೇಳಿಬಿಡ್ತೀನ್ರಿ ಅತ್ತಿ. ಏಳು ವರ್ಷ ಸುಮ್ಮ ಕೂಡೋದಕ್ಕಿಂತ ಅದೇ ಛಲೋ."

ನಾನು ಬೇಡ ಎನ್ನಲಿಲ್ಲ, ಹೇಳು ಎಂದೂ ಅನ್ನಲಿಲ್ಲ. ಒಮ್ಮೆ ಬುದ್ಧಿ ಹೇಳಿ ಆಗಿದೆ.

ಸಂದರ್ಶನ ಮಂಗಳವಾರ ಹನ್ನೊಂದಕ್ಕೆ. ಅವಳ ಜೊತೆ ನಾನೂ ಹೋಗುತ್ತೇನೆ. ಕರೆದರೆ ಒಳಗೆ ಹೋಗಿ, ಎಷ್ಟು ಕೊಟ್ಟೆ, ಎಷ್ಟು ಬಂತು, ಒಳಗೆ ಕಪಾಟಿನ ಕೀಲಿ ತಿರುಗಿದ್ದು ಕೇಳಿದೆ ಎಂದು ಹೇಳಬಲ್ಲೆ. ಹೊರಗಿನವರನ್ನು ಒಳಗೆ ಕರೆಯುವ ಪದ್ಧತಿ ಅಲ್ಲಿ ಇಲ್ಲ ಎಂದು ಶರಣಬಸವ ಹೇಳುತ್ತಾನೆ.