ಹುಳುವಿನ ತಟ್ಟೆಯ ಮೇಲೊಂದು ಮುಖ

ಶಿಡ್ಲಘಟ್ಟದಲ್ಲಿ ನಾನು ನೋಡಿಕೊಳ್ಳುವ ಗ್ರಂಥಾಲಯಕ್ಕೆ ಬರುವ ವಯಸ್ಸಾದವರಲ್ಲಿ ಹೆಚ್ಚಿನವರು ಪೇಪರಿನಲ್ಲಿ ರೇಷ್ಮೆಗೂಡಿನ ರೇಟು ನೋಡಿ, ಫ್ಯಾನಿನ ಕೆಳಗೆ ಒಂದು ನಿದ್ದೆ ತೆಗೆದು ಹೋಗುವವರು. ಇವರ ಕೈಗೆ ಬಣ್ಣ ಕೊಡೋಣ ಎಂದಾಗ ಮೇಲಧಿಕಾರಿಗಳು ನಕ್ಕರು. ನನಗೆ ಹಟ ಬಂತು. ಮಹಿಳಾ ಸಂಘವೊಂದು ಬಣ್ಣ ಕೊಡಿಸಿತು, ಶಾಲೆಯ ಡ್ರಾಯಿಂಗ್ ಮೇಷ್ಟ್ರು ಶನಿವಾರ ಬರಲು ಒಪ್ಪಿದರು. ಊರಾಚೆಯ ರೇಷ್ಮೆ ಬೆಳೆಗಾರರೊಬ್ಬರು ಹುಳು ಸಾಕುವ ಬಿದಿರಿನ ತಟ್ಟೆಗಳನ್ನು ಎರವಲು ಕೊಟ್ಟರು. ಸಗಣಿ ಸಾರಿಸಿ ಸುಣ್ಣ ಬಳಿದರೆ ಅದಕ್ಕಿಂತ ಒಳ್ಳೆಯ ಹಲಗೆ ಬೇಕಿಲ್ಲ.

ಮಂಡಿಕಲ್ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದಿದ್ದ ಅಜ್ಜಿಯೊಬ್ಬರು ಮೊದಮೊದಲು ಬರೀ ರಂಗೋಲಿ ಬಿಡಿಸುತ್ತಿದ್ದರು. ಒಂದು ಶನಿವಾರ ಮಗುವಿನ ಮುಖ ಬರೆದರು. ಯಾರೆಂದು ಕೇಳಿದೆ. ಚೊಚ್ಚಲ ಮಗಳಂತೆ, ಆಗಷ್ಟೇ ನಡೆಯಲು ಕಲಿತು ಜ್ವರದಲ್ಲಿ ಹೋದವಳು. ಫೋಟೊ ಒಂದೂ ಇಲ್ಲ, ಮನೆಯಲ್ಲಿ ಅವಳ ಮಾತನ್ನೂ ಯಾರೂ ಎತ್ತುವುದಿಲ್ಲ. ಇವರೆಲ್ಲರ ಚಿತ್ರಗಳನ್ನು ಚಿಕ್ಕಬಳ್ಳಾಪುರದಲ್ಲಿ ಪ್ರದರ್ಶನಕ್ಕಿಡುವುದೆಂದಾಗಿತ್ತು. ಅದು ಮುಗಿದ ಮೇಲೆ ಆ ತಟ್ಟೆ ತನಗೇ ಬೇಕು ಎಂದರು. ಆಗಲಿ ಎಂದೆ. ಬಾಗಿಲವರೆಗೆ ಹೋದವರು ಮತ್ತೆ ವಾಪಸು ಬಂದು ಅದನ್ನು ನೋಡಿ ಹೋದರು.

ಪ್ರದರ್ಶನ ಚೆನ್ನಾಗಿಯೇ ನಡೆಯಿತು. ತಟ್ಟೆಗಳನ್ನು ವಾಪಸು ತರುತ್ತಿದ್ದ ಟೆಂಪೊದವನು, ಅವು ಯಾರವೆಂದು ಗೊತ್ತಿದ್ದರಿಂದ, ದಾರಿಯಲ್ಲೇ ಬೆಳೆಗಾರರ ಮನೆಗೆ ಇಳಿಸಿಬಿಟ್ಟ. ಹೊರಗಿನಿಂದ ಬಂದ ತಟ್ಟೆಯನ್ನು ಹುಳು ಸಾಕುವವರು ಹಾಗೇ ಒಳಗಿಡುವುದಿಲ್ಲ. ರೋಗ ತಗುಲಿದರೆ ಇಡೀ ಬೆಳೆ ಹೋಗುತ್ತದೆ. ಆ ಮನೆಯ ಸೊಸೆ ಬ್ಲೀಚಿಂಗ್ ಪುಡಿ ಹಾಕಿ ಎಲ್ಲವನ್ನೂ ಉಜ್ಜಿ ತೊಳೆದಿದ್ದಳು. ವಿಷಯ ತಿಳಿದು ನಾನು ಓಡಿಹೋಗುವಷ್ಟರಲ್ಲಿ ತಟ್ಟೆಗಳು ಬಿಸಿಲಿಗೆ ಒಣಗುತ್ತಿದ್ದವು. ಪ್ರದರ್ಶನ ಮುಗಿಯಿತಲ್ಲ, ಚಿತ್ರ ಇನ್ನೇಕೆ ಅಂದುಕೊಂಡಳಂತೆ. ನನ್ನ ಬಾಯಿ ಎಂಥದೆಂದು ಊರಿಗೇ ಗೊತ್ತು. ಆದರೆ ಅವಳನ್ನು ಯಾವ ತಪ್ಪಿಗೆ ಬೈಯಲಿ? ಪ್ರದರ್ಶನದ ದಿನ ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನೆಲ್ಲ ಜಾಲಾಡಿದೆ. ಎಲ್ಲದರಲ್ಲೂ ಅತಿಥಿಗಳು ಆ ತಟ್ಟೆಗೆ ಅಡ್ಡವಾಗಿ ಮುಂದೆ ನಿಂತಿದ್ದಾರೆ.

ಅಜ್ಜಿಗೆ ನಡೆದದ್ದನ್ನು ಹೇಳಿದೆ. ಅವರು ಅಳಲಿಲ್ಲ, ಹೋಗ್ಲಿ ಬಿಡು ಎಂದರು. ಮೇಷ್ಟ್ರು ಹೊಸ ತಟ್ಟೆಗೆ ಸುಣ್ಣ ಬಳಿದು ತಂದು ಮುಂದಿಟ್ಟರು. ಅಜ್ಜಿ ಕುಂಚ ಅದ್ದಿ ಒಂದು ದುಂಡು ಎಳೆದರು. ಅಲ್ಲಿಗೆ ಕೈ ನಿಂತಿತು. ಬಣ್ಣ ಒಣಗಿತು, ಮತ್ತೆ ಅದ್ದಿದರು, ಮತ್ತೆ ಒಣಗಿತು. ನಾನು ಪಕ್ಕದಲ್ಲಿ ಹೋಗಿ ಕೂತೆ.

"ಇಷ್ಟು ವರ್ಷ ತಲೇಲೇ ಇಟ್ಕೊಂಡಿದ್ದೆ ಕಣಮ್ಮ," ಎಂದರು. "ತಟ್ಟೇಲಿ ಬಂತಲ್ಲ, ಇನ್ನು ಎಲ್ಲಿಗೋಗ್ತಾಳೆ ಅಂತ ಬಿಟ್ಬಿಟ್ಟೆ. ಈಗ ಕಣ್ಮುಚ್ಚಿದ್ರೂ ಬರ್ತಿಲ್ಲ."

ಕುಂಚ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು.

"ನೀನು ನೋಡಿದ್ಯಲ್ಲಮ್ಮ. ಹೆಂಗಿದ್ಲು, ಹೇಳು."

ನಾನು ನೋಡಿದ್ದೆ. ದುಂಡು ಮುಖ ಎಂದು ಶುರು ಮಾಡಿದೆ; ತಟ್ಟೆಯ ಮೇಲಿದ್ದ ಆ ದುಂಡನ್ನು ದಾಟಿ ಒಂದು ಗುರುತನ್ನೂ ಮಾತಿನಲ್ಲಿ ಹೇಳಲು ಆಗಲಿಲ್ಲ.