ಪಾಸಿಟಿವ್ ಬಂದ ಮಧ್ಯಾಹ್ನ

ಕೊರೊನಾದ ಎರಡನೇ ಅಲೆ ಬಂದಾಗ ನಾನು ರೋಣದ ಒಂದು ದವಾಖಾನೆಯ ತುರ್ತು ವಾರ್ಡಿನಲ್ಲಿ ನರ್ಸ್ ಆಗಿದ್ದೆ. ನನ್ನ ಮನೆ ನರಗುಂದದಲ್ಲಿ. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ದವಾಖಾನೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಪಕ್ಕದ ಕೋಣೆಯಲ್ಲಿ ನನಗಿಂತ ಹಿರಿಯ ನರ್ಸೊಬ್ಬರು ಇದ್ದರು. ಗಜೇಂದ್ರಗಡದ ನೇಕಾರರ ಮನೆಯವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಪಿಪಿಇ ಕಿಟ್ ತೊಟ್ಟ ಮೇಲೆ ಯಾರು ಯಾರೆಂದು ಗುರುತು ಹತ್ತುತ್ತಿರಲಿಲ್ಲವಾದ್ದರಿಂದ ಅವರು ಮಾರ್ಕರ್ ಪೆನ್ನಿನಿಂದ ತಮ್ಮ ಬೆನ್ನಿಗೆ ‘ಅಕ್ಕ’ ಎಂದೂ ನನ್ನ ಬೆನ್ನಿಗೆ ‘ತಂಗಿ’ ಎಂದೂ ಬರೆಸಿದ್ದರು. ರೋಗಿಗಳೂ ಹಾಗೆಯೇ ಕರೆಯತೊಡಗಿದರು.

ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ. ಆ ಬಿಸಿಲಿನಲ್ಲಿ ಪ್ಲಾಸ್ಟಿಕ್ ಉಡುಪು ತೊಟ್ಟು ನಿಂತರೆ ಬೆವರು ಕಾಲಿನವರೆಗೆ ಇಳಿದು ಶೂಗಳಲ್ಲಿ ತುಂಬಿಕೊಳ್ಳುತ್ತಿತ್ತು. ನೀರು ಕುಡಿಯುವಂತಿಲ್ಲ, ಬಚ್ಚಲಿಗೆ ಹೋಗುವಂತಿಲ್ಲ. ಕನ್ನಡಕದ ಮೇಲೆ ಮಂಜು ಕಟ್ಟಿ ಕೈಯ ರಕ್ತನಾಳ ಕಾಣುತ್ತಿರಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಹುಡುಕಿ ಸೂಜಿ ಹಾಕುವುದನ್ನು ನನಗೆ ಕಲಿಸಿದರು. ಆದರೆ ನನ್ನನ್ನು ದಣಿಸಿದ್ದು ಅದಲ್ಲ. ಗೇಟಿನ ಹೊರಗೆ ನಿಂತವರಿಗೆ ಬೆಡ್ ಇಲ್ಲ ಎಂದು ಹೇಳುವ ಕೆಲಸ ನಮ್ಮದೇ ಆಗಿತ್ತು. ಸೂಡಿಯಿಂದ ಒಬ್ಬಾಕೆ ಮೈದುನ ಓಡಿಸುತ್ತಿದ್ದ ಬೈಕಿನ ನಡುವೆ ಗಂಡನನ್ನು ಕೂರಿಸಿಕೊಂಡು, ಹಿಂದಿನಿಂದ ತಾನು ಆತನನ್ನು ಅಪ್ಪಿ ಹಿಡಿದು ಬಂದಿದ್ದಳು. ನಾನು ಗದಗಿಗೆ ಒಯ್ಯಿರಿ ಎಂದೆ. “ಇಲ್ಲೇ ನೆಲದ ಮ್ಯಾಲೆ ಹಾಕ್ರಿ ತಂಗಿ, ನಾ ಗಾಳಿ ಹಾಕ್ತೀನಿ,” ಎಂದಳು. ಆ ಬೈಕು ಗದಗಿನ ರಸ್ತೆಗೆ ತಿರುಗುವವರೆಗೂ ನೋಡಿ ಒಳಗೆ ಬಂದೆ. ಅವರು ಏನಾದರೋ ನನಗೆ ಇಂದಿಗೂ ಗೊತ್ತಿಲ್ಲ.

ಅದಾದ ಮೇಲೆ ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದೆ. ಮಗಳು ವಿಡಿಯೋ ಕಾಲಿನಲ್ಲಿ ಮಾಳಿಗೆಯ ಮೇಲಿಂದ ಗುಡ್ಡ ತೋರಿಸಿದರೆ, ನೋಡಿದೆ ನೋಡಿದೆ ಎಂದು ಲಗುಬಗೆಯಿಂದ ಇಟ್ಟುಬಿಡುತ್ತಿದ್ದೆ. ನಮ್ಮಲ್ಲಿ ಇಬ್ಬರು ನರ್ಸುಗಳು ಅದಾಗಲೇ ಸೋಂಕು ತಗುಲಿ ಮಲಗಿದ್ದರು. ಅವರ ಪಾಳಿಯನ್ನೂ ನಾನೂ ಅಕ್ಕನೂ ಹಂಚಿಕೊಂಡಿದ್ದೆವು.

ಒಂದು ಮುಂಜಾನೆ ಗಂಟಲು ಕೆರೆಯಿತು, ಮೈ ಬಿಸಿಯಾಯಿತು. ಪರೀಕ್ಷೆ ಮಾಡಿಸಿದೆ. ಮಧ್ಯಾಹ್ನ ಡಾಕ್ಟರರು ಫೋನ್ ಮಾಡಿದರು.

“ಪಾಸಿಟಿವ್ ಐತ್ರಿ. ರೂಮ್ ಬಿಟ್ಟು ಹೊರಗ ಬರಬ್ಯಾಡ್ರಿ. ಕ್ವಾರಂಟೈನ್ ಮುಗಿಯೋ ತನಕ ಡ್ಯೂಟಿ ಇಲ್ಲ.”

ನಾನು ಫೋನ್ ಇಟ್ಟು ಮಂಚದ ಮೇಲೆ ಕೂತೆ. ಹೆದರಿಕೆ ಬರಬೇಕಿತ್ತು. ನನಗೆ ನಗು ಬಂತು. ಇನ್ನು ಆ ಗೇಟಿಗೆ ಹೋಗಬೇಕಾಗಿಲ್ಲ ಎಂಬುದೊಂದೇ ತಲೆಯಲ್ಲಿತ್ತು. ಫ್ಯಾನು ಜೋರು ಮಾಡಿ, ಕೈಕಾಲು ಚಾಚಿ ಮಲಗಿದೆ. ಅಷ್ಟು ಸುಖದ ನಿದ್ದೆ ಮದುವೆಯಾದ ಮೇಲೆ ನನಗೆ ಬಂದಿರಲಿಲ್ಲ.

ಎದ್ದಾಗ ಬಾಗಿಲಿನ ಆಚೆ ಅಕ್ಕನ ದನಿ ಕೇಳಿತು. “ಡಬ್ಬಿ ಇಟ್ಟೀನಿ ನೋಡು. ಉಂಡು ಮಲಕೋ. ವಾರ್ಡಿನ ಚಿಂತಿ ಮಾಡಬ್ಯಾಡ, ನಾ ಅದೀನಿ.”

ಅಕ್ಕ ಇದ್ದರು. ಜ್ವರ ನನಗೆ ಎರಡು ಗುಳಿಗೆಗೆ ಇಳಿದುಹೋಯಿತು, ರುಚಿ ಮಾತ್ರ ಹೋಗಿತ್ತು. ಉಳಿದ ದಿನ ನಿಯಮದ ಪ್ರಕಾರ ಕೋಣೆಯಲ್ಲಿರಬೇಕಿತ್ತು. ಆ ನಿಯಮ ಮಾಡಿದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಮಗಳ ಜೊತೆ ಮನಸಾರೆ ಮಾತಾಡಿದೆ. ಆಕೆ ಒಂದೊಂದೇ ಮನೆ ಗುರುತಿಸಿ ತೋರಿಸಿದಳು, ನಾನು ನೋಡಿದೆ. ಒಂದು ಮಧ್ಯಾಹ್ನ ಅಕ್ಕ ಡಬ್ಬಿ ತಂದಾಗ, ಬಾಗಿಲ ಈಚೆಯಿಂದಲೇ, “ಅಕ್ಕಾ, ಸಾರಿಗೆ ಉಪ್ಪ ಹಾಕಿಲ್ಲೇನ್ರಿ?” ಎಂದೆ.

“ಹಾಕೀನಲ್ಲ,” ಎಂದರು. ಸ್ವಲ್ಪ ತಡೆದು, “ತಡಿ, ತರ್ತೀನಿ,” ಎಂದರು. ಕಾಗದದ ಪುಡಿಕೆಯಲ್ಲಿ ಉಪ್ಪು ತಂದು ಹೊಸ್ತಿಲಲ್ಲಿ ಇಟ್ಟು ಹೋದರು. ಅವರ ದನಿಯಲ್ಲಿ ನನಗೇನೂ ವ್ಯತ್ಯಾಸ ತಿಳಿಯಲಿಲ್ಲ.

ಮರುದಿನ ಡಬ್ಬಿ ತಂದವಳು ವಾರ್ಡಿನ ಆಯಾ. “ಅಕ್ಕ ಎಲ್ಲಿ?” ಎಂದು ಕೇಳಿದೆ.

“ಅವರಪ್ಪ ಹ್ವಾದ್ರಲ್ರಿ ನಿನ್ನಿ ಸಂಜಿಮುಂದ. ಗಜೇಂದ್ರಗಡದಾಗ ಯಾವುದೋ ದವಾಖಾನಿಗೆ ಹಾಕಿದ್ರಂತ. ಮುಂಜಾನಿಂದ ಉಸಿರಾಟ ಜೋರಾಗಿತ್ತಂತ. ಅಕ್ಕಾರಿಗೆ ಹೋಗಾಕ ಆಗಲಿಲ್ಲ. ಇವತ್ತ ಗದಗಿನಿಂದ ಒಬ್ಬ ನರ್ಸ್ ಬಂದ ಮ್ಯಾಲೆ ಮಣ್ಣಿಗೆ ಹೋಗ್ಯಾರ.”

ಅಂದರೆ ನಿನ್ನೆ ಉಪ್ಪು ತಂದುಕೊಡುವಾಗಲೇ ಅಪ್ಪನ ಸ್ಥಿತಿ ಅವರಿಗೆ ಗೊತ್ತಿತ್ತು. ಅವರು ಹೋಗಲು ಆಗದಿದ್ದುದಕ್ಕೆ ಕಾರಣವನ್ನು ನಾನು ಬೇರೆ ಕಡೆ ಹುಡುಕಬೇಕಿರಲಿಲ್ಲ. ವಾರ್ಡಿನಲ್ಲಿ ಇನ್ನೊಬ್ಬ ನರ್ಸ್ ಇದ್ದಿದ್ದರೆ ಅವರು ಹೋಗುತ್ತಿದ್ದರು. ಆ ಇನ್ನೊಬ್ಬಳು ನಾನು. ನಾನು ಜ್ವರವಿಲ್ಲದೆ ಫ್ಯಾನಿನ ಕೆಳಗೆ ಮಲಗಿದ್ದೆ.

ಕೆಲಸಕ್ಕೆ ಮರಳಿದ ದಿನ ಅಕ್ಕ ನನಗಿಂತ ಮೊದಲೇ ಬಂದಿದ್ದರು. ಮುಖ ಇಳಿದಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅವರು, “ಬಂದ್ಯಾ? ಮೂಲಿ ಬೆಡ್ಡಿನ ಅಜ್ಜಂದು ಆಕ್ಸಿಜನ್ ನೋಡು, ಪದೇ ಪದೇ ಮಾಸ್ಕ್ ಕಿತ್ತತಾನ,” ಎಂದರು. ನಾನು ಹೋಗಿ ನೋಡಿದೆ. ಮಾತು ಅಲ್ಲಿಗೇ ನಿಂತಿತು.

ಆಮೇಲೆ ನಾನು ಅವರ ಪಾಳಿಗಳನ್ನು ಕೇಳಿ ಕೇಳಿ ತೆಗೆದುಕೊಂಡೆ. ಅವರು ಬರುವ ಮೊದಲೇ ಟ್ರೇ ತೊಳೆದಿಟ್ಟೆ, ಚಹಾ ಮಾಡಿಕೊಟ್ಟೆ, ಅವರ ಬಟ್ಟೆಯನ್ನೂ ಒಗೆದು ಹಾಕಿದೆ. ಕೆಲವು ದಿನ ನೋಡಿ ಅವರು ಹೇಳಿಯೇಬಿಟ್ಟರು: “ಯಾಕ ಹಿಂಗ ಮಾಡಾಕತ್ತಿ? ನನ್ನ ಕೆಲಸ ನನಗ ಬಿಡು. ಖಾಲಿ ಕುಂತ್ರ ನನಗ ಭಾಳ ತ್ರಾಸ ಆಗತೈತಿ.”

ಅಲೆ ಇಳಿದ ಮೇಲೆ ನರಗುಂದದ ನಮ್ಮ ಓಣಿಯವರು ನನಗೆ ಸನ್ಮಾನ ಇಟ್ಟುಕೊಂಡರು. ಕಾಳಿನ ವ್ಯಾಪಾರದ ಹಿರಿಯರೊಬ್ಬರು ಶಾಲು ಹೊದಿಸಿ, ಜೀವದ ಹಂಗು ತೊರೆದು ದುಡಿದ ನಮ್ಮ ಮನೆಮಗಳು ಎಂದು ಮಾತಾಡಿದರು. ಅತ್ತೆ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡರು. ನಾನು ತಲೆ ತಗ್ಗಿಸಿದ್ದನ್ನು ಎಲ್ಲರೂ ವಿನಯ ಎಂದುಕೊಂಡರು. ಆ ಶಾಲನ್ನು ನಾನೂ ಹೊದ್ದಿಲ್ಲ, ಮನೆಯಲ್ಲಿ ಯಾರಿಗೂ ಹೊದೆಯಲು ಕೊಟ್ಟಿಲ್ಲ.

ಅಕ್ಕ ವರ್ಗವಾಗಿ ಬೇರೆ ಊರಿಗೆ ಹೋದರು. ಕಳೆದ ವರ್ಷ ಅವರ ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಕರೆದಾಗ ನಾನು ಗಜೇಂದ್ರಗಡಕ್ಕೆ ಹೋದೆ. ಅಣ್ಣ ಮಿತಭಾಷಿ, “ಬರ್ರಿ,” ಎಂದು ಒಳಗೆ ಕರೆದು ತಮ್ಮ ಕೆಲಸಕ್ಕೆ ಹೋದರು. ಆ ಒಂದು ಮಾತಿನಲ್ಲೇ ನನಗೆ ಸಿಟ್ಟು ಕೇಳಿಸಿತು. ನೆಂಟರು ಹೊರಟ ಮೇಲೆ ಅಕ್ಕ ನನ್ನನ್ನು ಪಡಸಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಅವರಪ್ಪ ನೇಯುತ್ತಿದ್ದ ಕುಣಿಮಗ್ಗ ಇತ್ತು. ಇಬ್ಬರೂ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೆವು. ನಾನು ಎಲ್ಲವನ್ನೂ ಹೇಳಿದೆ. ನಕ್ಕಿದ್ದು, ನಿದ್ದೆ ಮಾಡಿದ್ದು, ಜ್ವರ ಇಳಿದದ್ದು.

“ನನ್ನಿಂದ ನಿಮಗ ಅಪ್ಪಾರು ಜೀವಂತ ಇದ್ದಾಗ ಮುಖ ನೋಡಾಕ ಆಗಲಿಲ್ಲ,” ಎಂದೆ.

ಅಕ್ಕ ಒಳಗಿನ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

“ಡಾಕ್ಟ್ರು ನನಗ ಹೋಗಿ ಬಾ ಅಂದಿದ್ರು. ಸಂಜಿತನಕ ವಾರ್ಡಿನಾಗ ನಾನ ಇರ್ತೀನಿ ಅಂದ್ರು. ಅಂಬುಲೆನ್ಸ್ ಡ್ರೈವರ್ ಗಾಡಿ ತಗದು ನಿಂತಿದ್ದ. ನಾನ ಹೋಗಲಿಲ್ಲ.”

“ಯಾಕ್ರಿ?”

“ಅಣ್ಣ ಫೋನಿನಾಗ ಅಪ್ಪನ ಉಸಿರು ಕೇಳಿಸಿದ. ಅದು ಎಂಥಾ ಉಸಿರಂತ ನಿನಗೂ ಗೊತ್ತು, ನನಗೂ ಗೊತ್ತು. ಮಂದೀದು ನೋಡಿದ್ದೆ, ಅಪ್ಪಂದು ನೋಡಾಕ ಧೈರ್ಯ ಆಗಲಿಲ್ಲ. ವಾರ್ಡಿನಾಗ ಯಾರೂ ಇಲ್ಲ, ಜೋಡಿ ಇದ್ದಾಕಿಗೆ ಭಾಳ ಸೀರಿಯಸ್ ಐತಿ ಅಂತ ಅಣ್ಣಗ ಹೇಳಿದೆ. ಇವತ್ತಿನ ತನಕ ಅವ ಅದನ್ನ ನಂಬ್ಯಾನ.”

ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಆ ಹೊತ್ತಿನಲ್ಲಿ ಅವರ ಜೊತೆ ಯಾರಾದರೂ ಇದ್ದಿದ್ದರೆ, ಕೈಹಿಡಿದು ಗಾಡಿ ಹತ್ತಿಸಿದ್ದರೆ ಹೋಗುತ್ತಿದ್ದರೇನೋ ಎಂದು ಅನಿಸಿತು. ಅದನ್ನು ಅವರಿಗೆ ಹೇಳಲಿಲ್ಲ.

ಊಟಕ್ಕೆ ಕೂತಾಗ ಅಣ್ಣ ನನ್ನ ಎದುರಿಗೇ ಕೂತರು. ಅಕ್ಕ ರೊಟ್ಟಿ ಬಡಿಸುತ್ತಿದ್ದರು. ಅಣ್ಣ ಒಮ್ಮೆಲೇ ಕೇಳಿದರು: “ಆಗ ನಿಮಗ ಭಾಳ ಜೋರಾಗಿತ್ತಂತಲ್ರಿ. ನಮ್ಮ ತಂಗಿ ಹೇಳಿದ್ಲು. ಉಳೀತೀರೋ ಇಲ್ಲೋ ಅನ್ನಂಗ ಇತ್ತಂತ.”

ಅಕ್ಕನ ಕೈ ರೊಟ್ಟಿಯ ಬುಟ್ಟಿಯ ಮೇಲೆ ನಿಂತಿತು.

“ಹೌದ್ರಿ,” ಎಂದೆ. “ಭಾಳ ಜೋರಿತ್ತು. ಅಕ್ಕಾರು ಇಲ್ಲದಿದ್ರ ನಾ ಉಳೀತಿರಲಿಲ್ಲ.”

“ಹಂಗಾದ್ರ ಚಲೋ ಆತು ಬಿಡ್ರಿ,” ಎಂದು ಅಣ್ಣ ತಲೆಯಾಡಿಸಿದರು. “ನಮ್ಮಪ್ಪಾರೂ ಕಡೀಗೆ ಅದನ್ನ ಅಂದ್ರು. ಕೆಲಸ ಬಿಟ್ಟು ಬರಬ್ಯಾಡ ಅನ್ನು ಆಕಿಗೆ ಅಂದ್ರು.” ಪಲ್ಯದ ಪಾತ್ರೆಯನ್ನು ನನ್ನ ಕಡೆ ಸರಿಸಿದರು.

ಅಕ್ಕ ಇನ್ನೊಂದು ರೊಟ್ಟಿ ತರುತ್ತೇನೆಂದು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿತು. ನಾನು ಉಂಡು ಮುಗಿಸಿದೆ. ಬಸ್ ನಿಲ್ದಾಣದವರೆಗೆ ಅಣ್ಣನೇ ಬೈಕಿನಲ್ಲಿ ಬಿಟ್ಟುಬಂದರು. ಅವರಿಗೆ ಸುಳ್ಳು ಹೇಳಿದ್ದು ತಪ್ಪೇ ಇರಬಹುದು, ಆದರೆ ಅದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಪಾಸಿಟಿವ್ ಬಂತೆಂದು ಆ ಮಧ್ಯಾಹ್ನ ನಕ್ಕೆನಲ್ಲ, ಅದು ಕಾಡುತ್ತದೆ.